ಬ್ರಾಡ್‌ಚರ್ಚ್ ಮೊದಲ ಸೀಸನ್ ಮುಗೀತು. ಎರಡನೇದು ನೋಡ್ಲಾ, ಬೇಡ್ವಾ? (ಸ್ಪಾಯ್ಲರ್ ಇದೆ)

ನಿದ್ದೆಗೆಟ್ಟ_ನಾಗರಬಾವಿ
2013ರ ಸೀರೀಸನ್ನ ಈಗ ನೋಡ್ತಿದಾನೆ ಅಂತ ನಗೋರು ನಕ್ಕುಬಿಡಿ, ಆಮೇಲೆ ಉತ್ತರ ಕೊಡಿ.

ಗೊತ್ತಿಲ್ಲದವರಿಗೆ: ಇಂಗ್ಲೆಂಡಿನ ಡಾರ್ಸೆಟ್ ಕರಾವಳೀಲಿ ಒಂದು ಸಣ್ಣ ಊರು. ಡ್ಯಾನಿ ಲ್ಯಾಟಿಮರ್ ಅನ್ನೋ ಹನ್ನೊಂದು ವರ್ಷದ ಹುಡುಗನ ಹೆಣ ಬೀಚಲ್ಲಿ, ಕಡಿದಾದ ಬಂಡೆ ಕೆಳಗೆ ಸಿಗತ್ತೆ. ತನಿಖೆಗೆ ಇಬ್ಬರು. ಹೊರಗಿಂದ ಬಂದ, ಸದಾ ಗಂಟು ಮೋರೆಯ ಅಲೆಕ್ ಹಾರ್ಡಿ (ಡೇವಿಡ್ ಟೆನಂಟ್). ಊರಿನವಳೇ ಆದ ಎಲಿ ಮಿಲ್ಲರ್ (ಒಲಿವಿಯಾ ಕೋಲ್ಮನ್). ಎಲಿಗೆ ಸಿಗಬೇಕಿದ್ದ ಪ್ರಮೋಷನ್ ಹಾರ್ಡಿ ಪಾಲಾಗಿರತ್ತೆ. ಅವಳು ರಜೆ ಮುಗಿಸಿ, ಆಫೀಸಲ್ಲಿ ಎಲ್ಲರಿಗೂ ಗಿಫ್ಟ್ ಹಂಚ್ತಾ ಬಂದ ದಿನವೇ ಅದು ಗೊತ್ತಾಗೋದು.

ಆಕ್ಟಿಂಗ್ ಬಗ್ಗೆ ಎರಡು ಮಾತಿಲ್ಲ. ನನ್ನ ತಕರಾರು ಕೊಲೆ ಪತ್ತೆಯಾದ ರೀತಿ ಬಗ್ಗೆ. ಏಳು ಕಂತು ಊರಿನವರನ್ನೆಲ್ಲ ಒಬ್ಬೊಬ್ಬರಾಗಿ ಅನುಮಾನಿಸಿ, ಕೊನೆಗೆ ಕೊಲೆಗಾರನೇ ಸಾಕಾಗಿ ಡ್ಯಾನಿಯ ಫೋನ್ ಆನ್ ಮಾಡ್ತಾನೆ, ಹಾರ್ಡಿ ಸಿಗ್ನಲ್ ಹಿಡ್ಕೊಂಡು ಎಲಿ ಮನೆ ಶೆಡ್ಡಿಗೆ ಹೋಗ್ತಾನೆ, ಅಲ್ಲಿ ಎಲಿಯ ಗಂಡ ಜೋ ನಿಂತಿರ್ತಾನೆ. ಹಾರ್ಡಿ ಕಂಡುಹಿಡಿದಿದ್ದೇನು ಮಣ್ಣು? ಇನ್ನೊಂದು, ಸತ್ತವರು ನನಗೆ ಸಂದೇಶ ಕೊಡ್ತಾರೆ ಅಂತ ಬರೋ ಆ ಟೆಲಿಫೋನ್ ರಿಪೇರಿಯವನು. ಯಾಕೆ ಬಂದ, ಯಾಕೆ ಹೋದ?

ಮೊದಲ ಸೀಸನ್ ಬಗ್ಗೆ ಏನು ಬೇಕಾದ್ರೂ ಬರೀರಿ. ಎರಡನೇದರ ಕಥೆ ದಯವಿಟ್ಟು ಹೇಳ್ಬೇಡಿ.

ಬೈಟೂ_ಕಾಫಿ
ಬೇಡ. ಇಲ್ಲಿಗೇ ನಿಲ್ಸು.

ಗಾಂಧಿಬಜಾರ್_ಗಿರಾಕಿ
ಹಾರ್ಡಿ ಏನೂ ಕಂಡುಹಿಡಿಯಲ್ಲ ಅನ್ನೋದೇ ಇದರ ತಾಕತ್ತು ಅಂತ ನಾನು ವಾದ ಮಾಡ್ತೀನಿ. ಎಲ್ಲರನ್ನೂ ಹಜಾರದಲ್ಲಿ ಕೂರಿಸಿ, ಮೀಸೆ ತಿರುವಿ, ಕೊಲೆಗಾರ ಇಲ್ಲೇ ಇದಾನೆ ಅನ್ನೋ ಜಾತಿಯ ಕಥೆ ಅಲ್ಲ ಇದು. ಒಂದು ಮಗು ಸತ್ತ ಮೇಲೆ ಆ ಬೀದಿ, ಆ ಅಂಗಡಿ, ಆ ಚರ್ಚು, ಆ ಪತ್ರಿಕೆ ಆಫೀಸು ಏನಾಗತ್ತೆ ಅನ್ನೋದು ಕಥೆ. ಕೊಲೆ ಒಂದು ನೆಪ.

ಮೊದಲ ಕಂತಿನಲ್ಲಿ ಡ್ಯಾನಿ ತಾಯಿ ಬೆತ್ ಓಡೋ ದೃಶ್ಯ ಇನ್ನೊಂದ್ಸಲ ಹಾಕಿ ನೋಡಿ. ರೋಡಲ್ಲಿ ಟ್ರಾಫಿಕ್ ನಿಂತಿದೆ. ಬೀಚಲ್ಲಿ ಏನೋ ಆಗಿದೆ ಅಂತ ಯಾರೋ ಹೇಳ್ತಾರೆ. ಮಗ ಸ್ಕೂಲಿಗೆ ಹೋಗಿಲ್ಲ ಅನ್ನೋದು ಅವಳಿಗೆ ಆಗಲೇ ಗೊತ್ತು. ಕಾರಿಂದ ಇಳೀತಾಳೆ, ಮೊದಲು ನಡೀತಾಳೆ, ಆಮೇಲೆ ಓಟ. ಡೈಲಾಗೇ ಇಲ್ಲ. ಕೊನೆಗೆ ಹೊದಿಕೆ ಕೆಳಗಿಂದ ಕಾಣೋದು ಬರೀ ಶೂ. ಹೆಣದ ಮುಖ ತೋರಿಸೋ ಅಗತ್ಯವೇ ಬೀಳಲ್ಲ. ತಾಯಿಗೆ ಶೂ ಸಾಕು. ಇಂಥ ಒಂದು ದೃಶ್ಯ ಬರೆದವನಿಗೆ ನಾನು ನೂರು ಫೋನ್ ಸಿಗ್ನಲ್ ಮಾಫಿ ಮಾಡ್ತೀನಿ.

ಬಗ್_ಫಿಕ್ಸ್
ಸಿಲ್ಕ್ ಬೋರ್ಡ್ ಜಾಮಲ್ಲಿ ಇಳಿದು ಓಡಿದ್ರೂ ಯಾರೂ ತಿರುಗಿ ನೋಡಲ್ಲ ಗುರು. ಇಲ್ಲಿ ಅದು ದಿನಾ ನಡೆಯೋದು.

ಹುಬ್ಬಳ್ಳಿಯಾಂವ
ನಾ ಎರಡನೇ ಎಪಿಸೋಡಿನ್ಯಾಗನ ಜೋ ಅಂತ ಹೇಳಿದ್ದೆ. ನಮ್ಮ ರೂಮಿನ್ಯಾಗ ಸಾಕ್ಷಿ ಅದಾರ. ಎಲ್ಲಾರ ಮ್ಯಾಗೂ ಅನುಮಾನ ಬರೂ ಹಂಗ ತೋರಿಸ್ತಾರ, ಅಂವ ಒಬ್ಬಾವ್ ಮಾತ್ರ ಕೂಸು ಎತ್ಗೊಂಡು, ಅಡಿಗಿ ಮಾಡ್ಕೋತ, ನಕ್ಕೋತ ಇರ್ತಾನ. ಹಂಗ ಯಾರರ ಇರ್ತಾರೇನು?

ಮಲ್ಲಿಗೆ_ಮಲ್ಲೇಶ್ವರಂ
@ಹುಬ್ಬಳ್ಳಿಯಾಂವ ಮಗು ನೋಡ್ಕೊಂಡು ಅಡುಗೆ ಮಾಡೋ ಗಂಡಸು ಕಂಡ ತಕ್ಷಣ ಕೊಲೆಗಾರ ಅಂತ ತೀರ್ಮಾನ ಮಾಡಿದ್ರಲ್ಲ, ನಿಮ್ಮ ಮನೆಯವರಿಗೆ ಈ ಪೋಸ್ಟ್ ತೋರಿಸಿ.

ಹುಬ್ಬಳ್ಳಿಯಾಂವ
ಲಗ್ನ ಆಗಿಲ್ರೀ ಅಕ್ಕಾರ.

ಬೈಟೂ_ಕಾಫಿ
ಎರಡನೇ ಕಂತಲ್ಲೇ ಗೊತ್ತಾಯ್ತು ಅನ್ನೋರೆಲ್ಲ ಎಂಟನೇ ಕಂತು ಆದ್ಮೇಲೇ ಹೇಳೋದು.

ಗಾಂಧಿಬಜಾರ್_ಗಿರಾಕಿ
ಶೂಟಿಂಗ್ ನಡೀವಾಗ ನಟರಲ್ಲಿ ಬಹುತೇಕರಿಗೇ ಕೊಲೆಗಾರ ಯಾರು ಅಂತ ಹೇಳಿರಲಿಲ್ಲ. ಎಲ್ಲರ ಮುಖದಲ್ಲೂ ಆ ಅನುಮಾನ ಅಷ್ಟು ಸಹಜವಾಗಿ ಕಾಣೋದು ಅದಕ್ಕೇ ಇರಬೇಕು.

ನಿದ್ದೆಗೆಟ್ಟ_ನಾಗರಬಾವಿ
ಗಿರಾಕಿ ಸರ್, ಬೆತ್ ದೃಶ್ಯ ಒಪ್ಪಿದೆ. ಆದ್ರೆ ಕೊಲೆ ನೆಪ ಅನ್ನೋದಾದ್ರೆ ಪ್ರತಿ ಕಂತಿನ ಕೊನೆಗೆ ಯಾಕೆ ಹೊಸ ಅನುಮಾನ ಹುಟ್ಟಿಸಿ ನಿಲ್ಲಿಸ್ತಾರೆ? ಒಂದ್ಸಲ ಅಪ್ಪ ಮಾರ್ಕ್, ಒಂದ್ಸಲ ಪಾದ್ರಿ, ಒಂದ್ಸಲ ನಾಯಿ ಸಾಕಿರೋ ಹೆಂಗಸು ಸೂಸನ್. ಒಗಟು ಅಂತ ಮಾರಿ, ಶೋಕ ಅಂತ ಡೆಲಿವರಿ ಕೊಡೋದು ಎಷ್ಟು ಸರಿ?

ಕರಿಕೋಟು
ನಾನು ವೃತ್ತಿಯಲ್ಲಿ ವಕೀಲ, ಅದಕ್ಕೆ ಈ ದಾರಕ್ಕೆ ಬಂದೆ. ಎರಡನೇ ಸೀಸನ್ ನೋಡೋ ಮುಂಚೆ ಒಂದು ಮಾತ್ರೆ ತಗೊಳ್ಳಿ.

ಜೋ ಮೊದಲು ಹಾರ್ಡಿ ಮುಂದೆ ತಪ್ಪೊಪ್ಪಿಕೊಳ್ತಾನೆ. ಆಮೇಲೆ ಎಲಿಗೆ ವಿಷಯ ಗೊತ್ತಾಗಿ, ಅವನನ್ನ ಕೂರಿಸಿದ್ದ ರೂಮಲ್ಲಿ ಹಿಗ್ಗಾಮುಗ್ಗಾ ಒದೀತಾಳೆ. ಇಷ್ಟು ನೀವೇ ನೋಡಿದೀರಿ. ಈಗ ಕೋರ್ಟಲ್ಲಿ ಡಿಫೆನ್ಸ್ ವಾದ ಏನು ಗೊತ್ತಾ? ಹೊಡೆದು ಬಾಯಿ ಬಿಡಿಸಿದ್ದು ಅಂತ! ಜಡ್ಜ್ ಒಪ್ಪಿ ಹೇಳಿಕೇನ ಹೊರಗಿಟ್ಟೇ ಬಿಡ್ತಾರೆ. ಅಲ್ರೀ, ಅಲ್ಲಿ ಪೊಲೀಸ್ ವಿಚಾರಣೆ ರೆಕಾರ್ಡ್ ಆಗತ್ತೆ, ಟೈಮ್ ಸಮೇತ. ಒಪ್ಪಿಗೆ ಮೊದಲೋ ಒದೆ ಮೊದಲೋ ಅಂತ ನೋಡೋಕೆ ಐದು ನಿಮಿಷ ಸಾಕು. ಅವರ 1984ರ ಪೊಲೀಸ್ ಕಾಯಿದೆ 76ನೇ ಸೆಕ್ಷನ್ನಿನಲ್ಲಿ ದಬ್ಬಾಳಿಕೆಯಿಂದ ಪಡೆದ ತಪ್ಪೊಪ್ಪಿಗೆ ನಿಲ್ಲಲ್ಲ ಅಂತಿದೆ, ಒಪ್ಪೋಣ. ಒದೆ ಬಿದ್ದಿದ್ದೇ ಆಮೇಲೆ ಅಂದ್ರೆ ದಬ್ಬಾಳಿಕೆ ಎಲ್ಲಿಂದ ಬಂತು?

ಇನ್ನೊಂದು ತಮಾಷೆ, ಸಾಕ್ಷಿ ಹೇಳಬೇಕಾದವರೆಲ್ಲ ತಮ್ಮ ಸರದಿ ಬರೋ ಮುಂಚೆನೇ ಕೋರ್ಟ್ ಹಾಲಲ್ಲಿ ಕೂತು ಬೇರೆಯವರ ಸಾಕ್ಷಿ ಕೇಳಿಸ್ಕೊಳ್ತಾರೆ. ನಮ್ಮ ಸಿಟಿ ಸಿವಿಲ್ ಕೋರ್ಟಲ್ಲಿ ಬಂದು ನೋಡಿ, ಸಾಕ್ಷಿದಾರರು ಕಾರಿಡಾರ್ ಬೆಂಚಲ್ಲೇ ಕೂರಬೇಕು. ಅಟೆಂಡರ್ ಮೂರು ಸಲ ಹೆಸರು ಕೂಗಿದ ಮೇಲೇ ಒಳಗೆ.

ನಿದ್ದೆಗೆಟ್ಟ_ನಾಗರಬಾವಿ
ವಕೀಲ್ ಸಾಹೇಬ್ರೇ, ಪೋಸ್ಟಿನ ಕೊನೇ ಸಾಲು ಓದಿದ್ರಾ ತಾವು?

ಕರಿಕೋಟು
ಓದಿದೀನಿ. ತೀರ್ಪು ಏನಾಯ್ತು ಅಂತ ನಾನೆಲ್ಲೂ ಬರೆದಿಲ್ಲ. ಕೇಸು ಕೋರ್ಟಿಗೆ ಹೋಗತ್ತೆ ಅನ್ನೋದು ಮೊದಲ ಕಂತಿನ ಮೊದಲ ಹತ್ತು ನಿಮಿಷದ ವಿಷಯ. ಆಕ್ಷೇಪಣೆ ತಿರಸ್ಕರಿಸಿದೆ.

ಮೇಲ್ವಿಚಾರಕ
ಕರಿಕೋಟು ಅವರ ಪೋಸ್ಟಿನ ಎರಡನೇ ಪ್ಯಾರಾಕ್ಕೆ ಪರದೆ ಹಾಕಿದೀನಿ. ನೋಡಿದವರು ಒತ್ತಿ ಓದಿ. ತೀರ್ಪು ಬರೆದವರಿಗೆ ಒಂದು ವಾರ ರಜೆ.

ಬಗ್_ಫಿಕ್ಸ್
ನಾನು ಒತ್ತಿ ಓದಿಬಿಟ್ಟೆ. ನಮ್ಮಲ್ಲಾಗಿದ್ರೆ ಆ ತಪ್ಪೊಪ್ಪಿಗೆ ನಿಲ್ತಿತ್ತಾ ಸರ್?

ಕರಿಕೋಟು
ಒದೆ ಬಿದ್ದಿರಲಿ ಬೀಳದೇ ಇರಲಿ, ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನಮ್ಮಲ್ಲಿ ಆರೋಪಿ ವಿರುದ್ಧ ಸಾಕ್ಷ್ಯ ಆಗೋದೇ ಇಲ್ಲ. ಹಳೇ ಸಾಕ್ಷ್ಯ ಕಾಯಿದೆಯ 25ನೇ ಸೆಕ್ಷನ್. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತಲ್ಲ, ಅದರಲ್ಲಿ 23. ಮ್ಯಾಜಿಸ್ಟ್ರೇಟ್ ಮುಂದೆ, ಇದು ನಿನ್ನ ವಿರುದ್ಧವೇ ಬಳಕೆಯಾಗಬಹುದು ಅಂತ ಎಚ್ಚರಿಕೆ ಕೊಟ್ಟು ಬರೆಸಿದ್ರೆ ಮಾತ್ರ ಬೆಲೆ. ಒಂದೇ ವಿನಾಯ್ತಿ, ಆರೋಪಿ ಹೇಳಿದ್ದರಿಂದ ಯಾವುದಾದ್ರೂ ವಸ್ತು ಸಿಕ್ಕಿದ್ರೆ, ಆ ವಸ್ತುವಿಗೆ ಸಂಬಂಧಿಸಿದಷ್ಟು ಮಾತು ನಿಲ್ಲತ್ತೆ. ಪಂಚನಾಮೆ ಅಂತ ಪೊಲೀಸರು ಅಷ್ಟೊಂದು ಓಡಾಡೋದು ಯಾಕೆ ಅಂದ್ಕೊಂಡ್ರಿ?

ಮಲ್ಲಿಗೆ_ಮಲ್ಲೇಶ್ವರಂ
ಕೋರ್ಟ್ ದೃಶ್ಯ ಅಂದ್ರೆ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿ. ಸಿ.ಎಸ್.ಪಿ. ವಕೀಲರು ಎದ್ದು ನಿಂತ್ರೆ ನಮ್ಮಮ್ಮ ಕುಕ್ಕರ್ ಆಫ್ ಮಾಡಿ ಬಂದು ಕೂರೋರು. ಅದರಲ್ಲೂ ಕಾನೂನು ಪಕ್ಕಾ ಇತ್ತಾ ಕರಿಕೋಟು ಸರ್?

ಕರಿಕೋಟು
ಆ ವಿಷಯದಲ್ಲಿ ನಾನು ಬಾಯಿ ಬಿಡಲ್ಲ. ನಾನು ಲಾ ಕಾಲೇಜಿಗೆ ಸೇರಿದ್ದೇ ಅದನ್ನ ನೋಡಿ.

ಹುಬ್ಬಳ್ಳಿಯಾಂವ
ಅಲ್ಲಿ ಜ್ಯೂರಿ ಇರ್ತೈತಲ್ರೀ, ಹನ್ನೆರಡು ಮಂದಿ. ನಮ್ಮಲ್ಲಿ ನೇವಿ ಅಧಿಕಾರಿ ನಾನಾವತಿ ಮ್ಯಾಲಿನ ಕೊಲಿ ಕೇಸ್ ಆದ್ಮ್ಯಾಲ ಜ್ಯೂರಿ ಬಂದ್ ಆತು ಅಂತ ಓದೇನಿ.

ಕರಿಕೋಟು
ಎಲ್ಲರೂ ಹೇಳೋದು ಹಾಗೇ, ಆದ್ರೆ ಅಷ್ಟು ಸಲೀಸಲ್ಲ. 1959ರಲ್ಲಿ ಬಾಂಬೆ ಸೆಷನ್ಸ್ ಕೋರ್ಟಲ್ಲಿ ಜ್ಯೂರಿ ಎಂಟಕ್ಕೆ ಒಂದರಂತೆ ನಾನಾವತಿ ತಪ್ಪಿತಸ್ಥ ಅಲ್ಲ ಅಂತು. ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದ್ರು, ಅಲ್ಲಿ ಶಿಕ್ಷೆ ಆಯ್ತು. ಅದಾದ ಮೇಲೂ ಕೆಲವು ಕಡೆ ಜ್ಯೂರಿ ವಿಚಾರಣೆ ನಡೆದಿದೆ. ಪೂರ್ತಿ ಕೈಬಿಟ್ಟಿದ್ದು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ.

ಅಘನಾಶಿನಿ
ನೀವೆಲ್ಲ ಕೋರ್ಟಿಗೆ ಹೋಗಿಬಿಟ್ರಿ, ನಾನು ಮತ್ತೆ ಊರಿಗೆ ಬರ್ತೀನಿ.

ನಾನು ಕುಮಟಾ ಕಡೆಯವಳು, ಈಗ ವಿಜಯನಗರದಲ್ಲಿ ಬಾಡಿಗೆ ಮನೆ. ಈ ಸೀರೀಸಿನ ದೊಡ್ಡ ಶಕ್ತಿ ಜ್ಯಾಕ್ ಮಾರ್ಷಲ್ ಕಥೆ ಅಂತ ನನ್ನ ಅಭಿಪ್ರಾಯ. ಪೇಪರ್ ಅಂಗಡಿ ಮುದುಕ. ಡ್ಯಾನಿ ಅವನ ಹತ್ರ ಪೇಪರ್ ಹಾಕೋ ಕೆಲಸ ಮಾಡ್ತಿದ್ದ, ಊರ ಹುಡುಗರಿಗೆಲ್ಲ ಸೀ ಬ್ರಿಗೇಡ್ (ಸ್ಕೌಟ್ಸ್ ಥರದ ಗುಂಪು) ನಡೆಸ್ತಿದ್ದವನೂ ಇವನೇ. ಅಪ್ರಾಪ್ತ ಹುಡುಗಿಯೊಬ್ಬಳ ಜೊತೆ ಸಂಬಂಧ ಇಟ್ಕೊಂಡಿದ್ದ ಅನ್ನೋ ಹಳೇ ಕೇಸೊಂದು ಹೊರಗೆ ಬರತ್ತೆ. ಅದರ ಪೂರ್ತಿ ಕಥೆ ಏನು, ಆ ಹುಡುಗಿಯನ್ನೇ ಆಮೇಲೆ ಮದುವೆ ಆಗಿದ್ದ, ಅವರಿಗೊಬ್ಬ ಮಗ ಇದ್ದ, ಅವನೂ ಸತ್ತ ಅನ್ನೋದನ್ನ ಯಾರೂ ಕೇಳಲ್ಲ. ಪೇಪರ್ ಮುಖಪುಟದಲ್ಲಿ ಹಾಕ್ತಾರೆ. ನಿನ್ನೆವರೆಗೂ ಅಂಗಡೀಲಿ ಹಾಲು ತಗೊಂಡವರೇ ಬಾಗಿಲಿಗೆ ಬಂದು ನಿಲ್ತಾರೆ. ಮುದುಕ ಬಂಡೆ ಮೇಲಿಂದ ಹಾರ್ತಾನೆ.

ನಮ್ಮ ಕಡೆ ಸಣ್ಣ ಊರುಗಳಲ್ಲಿ ಪೊಲೀಸರು ಎಫ್‌ಐಆರ್ ಬರೆಯೋ ಮುಂಚೆ ಬಸ್ ಸ್ಟ್ಯಾಂಡ್ ಹೋಟೆಲಲ್ಲಿ ತೀರ್ಪು ಆಗಿರತ್ತೆ. ಅವನ ಅಂಗಡಿಗೆ ಹೋಗ್ಬೇಡ ಅಂತ ಮಕ್ಕಳಿಗೆ ಹೇಳೋ ದನಿ ಇದೆಯಲ್ಲ, ಅದನ್ನ ನಾನು ಕಿವಿಯಾರೆ ಕೇಳಿದೀನಿ. ಪೇಟೆಯಲ್ಲಿ ಬೆಳೆದವರಿಗೆ ಆ ಮೂರು ಕಂತು ನಿಧಾನ ಅನ್ಸಿರಬಹುದು. ನನಗೆ ಉಸಿರು ಕಟ್ತು. ಆ ಪಾತ್ರ ಮಾಡಿದ ಡೇವಿಡ್ ಬ್ರಾಡ್ಲಿಗೆ 2014ರಲ್ಲಿ ಬಾಫ್ಟಾ ಪ್ರಶಸ್ತಿ ಬಂತು. ಕೋಲ್ಮನ್‌ಗೂ ಬಂತು, ಆದ್ರೆ ನನ್ನ ಓಟು ಮುದುಕನಿಗೆ.

ಡ್ಯೂಟಿ_ಡಾಕ್ಟರ್
@ಅಘನಾಶಿನಿ ಪೇಟೆಯಲ್ಲೇನು ಕಮ್ಮಿ? ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಸೆಕ್ಯುರಿಟಿ ಹುಡುಗನ ಮೇಲೆ ಕಳ್ಳತನದ ಆರೋಪ ಬಂದು, ತೀರ್ಪಾಗಿ, ಕೆಲಸದಿಂದ ತೆಗೆದಾದ ಮೇಲೆ ಆ ಸೈಕಲ್ಲು ಬೇಸ್ಮೆಂಟಲ್ಲೇ ಸಿಕ್ತು. ಯಾರೂ ಸಾರಿ ಕೇಳಲಿಲ್ಲ, ಒಂದು ಥಂಬ್ಸ್ ಅಪ್ ಹಾಕಿ ಸುಮ್ಮನಾದ್ರು.

ಬಗ್_ಫಿಕ್ಸ್
ಡ್ಯಾನಿ ಹೆಸರನ್ನ ಪೊಲೀಸರು ಹೇಳೋ ಮುಂಚೆ ಆ ಪತ್ರಿಕೆ ಹುಡುಗ ಆಲಿ ಟ್ವಿಟ್ಟರಲ್ಲಿ ಹಾಕ್ತಾನಲ್ಲ, ನಮ್ಮ ನ್ಯೂಸ್ ಚಾನೆಲ್ ಆಗಿದ್ರೆ ಟ್ವಿಟ್ಟರ್ ಯಾಕೆ, ಕೆಂಪು ಅಕ್ಷರದಲ್ಲಿ ಗ್ರಾಫಿಕ್ಸ್ ಮಾಡಿ, ಬಂಡೆಗೊಂದು ಬಾಣದ ಗುರುತು ಹಾಕಿ, ಸ್ಟುಡಿಯೋದಲ್ಲಿ ಜ್ಯೋತಿಷಿ ಕೂರಿಸಿ...

ನಿದ್ದೆಗೆಟ್ಟ_ನಾಗರಬಾವಿ
ಆ ಟೆಲಿಫೋನ್ ರಿಪೇರಿಯವನಿಗೆ ಅಲ್ಲಿ ಪರ್ಮನೆಂಟ್ ಕೆಲಸ ಸಿಗ್ತಿತ್ತು.

ಗಾಂಧಿಬಜಾರ್_ಗಿರಾಕಿ
ರಿಪೇರಿಯವನ ವಿಷಯಕ್ಕೆ ಬಂದ್ರೆ, ಅದು ಸೀರೀಸಿನ ನಿಜವಾದ ದೌರ್ಬಲ್ಯ. ದುಃಖದಲ್ಲಿರೋರು ಯಾರು ಏನು ಹೇಳಿದ್ರೂ ನಂಬ್ತಾರೆ ಅಂತ ತೋರಿಸೋಕೆ ತಂದಿದ್ರೆ ಚೆನ್ನಾಗಿರ್ತಿತ್ತು. ಆದ್ರೆ ಹಾರ್ಡಿಯ ಹಳೇ ಕೇಸಲ್ಲಿ ಕಳೆದುಹೋದ ಸಾಕ್ಷ್ಯ, ಆ ಪೆಂಡೆಂಟ್ ವಿಷಯ ಅವನಿಗೆ ಹೇಗೋ ಗೊತ್ತಿದ್ದ ಹಾಗೆ ಮಾತಾಡಿಸಿ, ಅವನಿಗೆ ನಿಜವಾಗ್ಲೂ ಶಕ್ತಿ ಇದೆಯೇನೋ ಅಂತ ಅನುಮಾನ ಹುಟ್ಟಿಸಿ, ಮುಂದಕ್ಕೆ ಒಯ್ಯದೆ ಕೈಬಿಟ್ರು. ಪೊಲೀಸ್ ಕಥೆಯಲ್ಲಿ ಇದು ಮೋಸ. ನಾನು ಚಿಕ್ಕವನಿದ್ದಾಗ ಬಾಡಿಗೆ ಲೈಬ್ರರಿಯಿಂದ ತಂದು ಓದ್ತಿದ್ದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕೂಡ ದೆವ್ವದ ಮನೆಗೆ ಹೋದ್ರೆ ದೆವ್ವದ ಹಿಂದಿನ ಮನುಷ್ಯನನ್ನ ಹಿಡ್ಕೊಂಡೇ ಬರ್ತಿದ್ದ.

ಇನ್ನೊಂದು ಹೇಳ್ತೀನಿ, ಬೈಬೇಡಿ. ಸ್ಲೋ ಮೋಷನ್ ಜಾಸ್ತಿ ಆಯ್ತು. ಓಲಾಫರ್ ಆರ್ನಾಲ್ಡ್ಸ್ ಸಂಗೀತ ಅದ್ಭುತ. ಅದ್ಭುತ ಅಂತ ಗೊತ್ತಾದ ಮೇಲೆ ನಿರ್ದೇಶಕರು ಯಾರಾದ್ರೂ ಕಿಟಕಿ ಕಡೆ ತಿರುಗಿದ್ರೂ ಅದನ್ನ ಹಾಕ್ತಾರೆ.

ಬೈಟೂ_ಕಾಫಿ
ಮತ್ತೆ ಹಾರ್ಡಿಯ ಹಾರ್ಟು. ಓಡಿದ್ರೆ ಬೀಳ್ತಾನೆ, ಬೈದ್ರೆ ಬೀಳ್ತಾನೆ.

ಡ್ಯೂಟಿ_ಡಾಕ್ಟರ್
ಹೃದಯದ ಲಯ ತಪ್ಪೋ ಕಾಯಿಲೆ ಇರೋನು ಆಸ್ಪತ್ರೆಯಿಂದ ತಾನೇ ಎದ್ದು ಬಂದು ಡ್ಯೂಟಿ ಮಾಡೋದು ಸಿನಿಮೀಯ ಅಂತೀರಿ. ವಾರಕ್ಕೊಬ್ಬರು ಹಾಗೆ ಡ್ರಿಪ್ ಕಿತ್ತುಕೊಂಡು ಹೋಗೋರನ್ನ ನಾವು ನೋಡ್ತೀವಿ. ಹೆಚ್ಚಿನವರು ಪೊಲೀಸರಲ್ಲ, ಅಂಗಡಿ ಬಾಗಿಲು ತೆಗೀಬೇಕು ಅನ್ನೋರು.

ಥೇಮ್ಸ್_ದಡದ_ತಿಪಟೂರು
ನಾನು ಈಗ ಲಂಡನ್ನಿನಲ್ಲಿರೋದು. ಆ ಬಂಡೆ ನೋಡೋಕೆ ಹೋಗಿದ್ದೆ. ಬ್ರಾಡ್‌ಚರ್ಚ್ ಅನ್ನೋ ಊರಿಲ್ಲ, ಬಂಡೆ ಇರೋದು ವೆಸ್ಟ್ ಬೇಯಲ್ಲಿ. ಜೇನಿನ ಬಣ್ಣದ ಕಲ್ಲು, ಬಿಸಿಲಿಗೆ ಹೊಳೆಯತ್ತೆ. ಕಲ್ಲು ಉದುರ್ತಾನೇ ಇರತ್ತೆ, ಕೆಳಗೆ ನಿಲ್ಲಬೇಡಿ ಅಂತ ಬೋರ್ಡ್ ಇದೆ, ಜನ ಅದರ ಕೆಳಗೇ ಚಾಪೆ ಹಾಸಿ ಮಲಗಿರ್ತಾರೆ. ಚರ್ಚ್ ಅಲ್ಲಿ ಹುಡುಕಬೇಡಿ, ಅದು ಸಾಮರ್ಸೆಟ್‌ನ ಕ್ಲೀವ್‌ಡನ್‌ನಲ್ಲಿದೆ.

ಬಗ್_ಫಿಕ್ಸ್
ಕನ್ನಡದಲ್ಲಿ ಮಾಡಿದ್ರೆ ಮರವಂತೆ ಅಥವಾ ಗೋಕರ್ಣ. ಹಾರ್ಡಿ ಪಾತ್ರಕ್ಕೆ ಯಾರು? ಶುರು ಮಾಡಿ.

ಹುಬ್ಬಳ್ಳಿಯಾಂವ
ಎಂಟು ಎಪಿಸೋಡ್ ಎಂಟನೂರು ಆಗ್ತಾವ. ಬೆತ್‌ನ ಅತ್ತಿ ಬರ್ತಾಳ, ಜೋನ ಅವಳಿ ತಮ್ಮ ಬರ್ತಾನ.

ಮಲ್ಲಿಗೆ_ಮಲ್ಲೇಶ್ವರಂ
ದೂರದರ್ಶನದಲ್ಲಿ 1993ರಲ್ಲಿ ಬ್ಯೋಮಕೇಶ್ ಬಕ್ಷಿ ಬಂದಾಗ ಎಷ್ಟು ನೀಟಾಗಿ ಮುಗಿಸ್ತಿದ್ರು. ರಜಿತ್ ಕಪೂರ್ ಸುಮ್ಮನೆ ಕುರ್ಚಿಯಲ್ಲಿ ಕೂತು ಯೋಚ್ನೆ ಮಾಡೋದನ್ನೇ ನೋಡ್ತಾ ಕೂರ್ತಿದ್ವಿ. ಅದಕ್ಕೂ ಮುಂಚೆ ಕರಮಚಂದ್, ಕ್ಯಾರೆಟ್ ಕಡೀತಾ.

ಮೇಲ್ವಿಚಾರಕ
ಅವಳಿ ತಮ್ಮ, ಕ್ಯಾರೆಟ್ ಎರಡಕ್ಕೂ ಬೇರೆ ದಾರ ತೆರೀರಿ.

ಥೇಮ್ಸ್_ದಡದ_ತಿಪಟೂರು
ರಿಮೇಕ್ ಅಂದಿದ್ದಕ್ಕೆ ನೆನಪಾಯ್ತು. ಅಮೆರಿಕದವರು 2014ರಲ್ಲಿ ಗ್ರೇಸ್‌ಪಾಯಿಂಟ್ ಅಂತ ಮಾಡಿದ್ರು, ಹತ್ತು ಕಂತು, ಅದಕ್ಕೂ ಟೆನಂಟನ್ನೇ ಹಾಕ್ಕೊಂಡು, ಅಮೆರಿಕನ್ ಉಚ್ಚಾರಣೆಯಲ್ಲಿ. ಅದೇ ಬರಹ, ಅದೇ ನಟ, ಆದ್ರೂ ಪೇಲವ. ಒಂದೇ ಸೀಸನ್ನಿಗೆ ಮುಚ್ಕೊಂಡು ಹೋಯ್ತು. ಕೊನೆ ಸ್ವಲ್ಪ ಬದಲಾಯಿಸಿದಾರೆ, ಅಷ್ಟಕ್ಕಾಗಿ ಹತ್ತು ಗಂಟೆ ಕೂರೋದು ವೇಸ್ಟ್. ಅದರಲ್ಲಿ ಕೋಲ್ಮನ್ ಇಲ್ಲ ನೋಡಿ. ಆ ಬಂಡೆಯನ್ನೂ ಹಾರ್ಡಿಯನ್ನೂ ಬೇರೆ ಕಡೆ ಸಾಗಿಸಬಹುದು, ಎಲಿ ಮಿಲ್ಲರನ್ನ ಸಾಗಿಸೋಕಾಗಲ್ಲ.

ಅಘನಾಶಿನಿ
ಹೌದು. ಗಂಡನೇ ಅಂತ ಹಾರ್ಡಿ ಹೇಳೋ ದೃಶ್ಯ. ಅವನು ಮೊದಲ ಸಲ ಅವಳನ್ನ ಎಲಿ ಅಂತ ಹೆಸರು ಹಿಡಿದು ಕರೀತಾನೆ, ಇಷ್ಟು ದಿನ ಬರೀ ಮಿಲ್ಲರ್. ಅವಳಿಗೆ ಅರ್ಥ ಆಗೋ ಮುಂಚೆ ಮೈಗೆ ಗೊತ್ತಾಗತ್ತೆ. ಗೋಡೆ ಮೂಲೆಗೆ ಸರಿದು ಕುಸೀತಾಳೆ. ಕೊಲೆಗಾರ ಯಾರು ಅನ್ನೋದು ನಮಗೆ ಅಷ್ಟೊತ್ತಿಗೆ ಗೊತ್ತಾಗಿರತ್ತೆ, ಆದ್ರೂ ಕಣ್ಣು ಕೀಳೋಕಾಗಲ್ಲ. ಊರಿನ ಪ್ರತಿ ಹೆಂಗಸನ್ನೂ ನಿನಗೆ ಹೇಗೆ ಗೊತ್ತಾಗಲಿಲ್ಲ ಅಂತ ಕೇಳಿದವಳು ಇವಳೇ, ಸೂಸನ್‌ಗೆ ಮುಖಕ್ಕೆ ಹೊಡೆದ ಹಾಗೆ ಕೇಳಿದ್ಲು. ಈಗ ಆ ಪ್ರಶ್ನೆ ಅವಳಿಗೇ ಬಂತು. ನಾಗರಬಾವಿಯವರೇ, ಫೋನ್ ಸಿಗ್ನಲ್ ಬಗ್ಗೆ ನಿಮ್ಮ ದೂರು ಸರಿ. ಆದ್ರೆ ಹಾರ್ಡಿ ಜಾಣತನದಿಂದ ಪತ್ತೆ ಮಾಡಿದ್ರೆ ಈ ದೃಶ್ಯದಲ್ಲಿ ನಾವು ಹಾರ್ಡಿಗೆ ಚಪ್ಪಾಳೆ ಹೊಡೀತಾ ಕೂರ್ತಿದ್ವಿ.

ನಿದ್ದೆಗೆಟ್ಟ_ನಾಗರಬಾವಿ
ಇದಕ್ಕೆ ಸದ್ಯಕ್ಕೆ ನನ್ನ ಹತ್ರ ಉತ್ತರ ಇಲ್ಲ. ಆದ್ರೂ ಆ ಫೋನು...

ಡ್ಯೂಟಿ_ಡಾಕ್ಟರ್
ಎರಡನೇ ಸೀಸನ್ ಬೇಡ ಅನ್ನೋರಿಗೆ ಒಂದು ಮಾತು. ಅದನ್ನ ದಾಟಿದ್ರೆ ಮೂರನೇದು ಸಿಗತ್ತೆ, 2017ರದ್ದು, ಕೊಲೆ ಅಲ್ಲ, ಅತ್ಯಾಚಾರದ ಕೇಸು. ಮೊದಲ ಕಂತಿನ ಬಹುಪಾಲು ಆ ಹೆಂಗಸಿನ ವೈದ್ಯಕೀಯ ಪರೀಕ್ಷೆ. ಆತುರವೇ ಇಲ್ಲ. ಮುಂದೇನು ಮಾಡ್ತೀವಿ ಅಂತ ಮೊದಲು ಹೇಳ್ತಾರೆ, ಒಪ್ಪಿಗೆ ಕೇಳ್ತಾರೆ, ಆಮೇಲೆ ಮುಟ್ತಾರೆ. ನಮ್ಮಲ್ಲಿ ಎರಡು ಬೆರಳಿನ ಪರೀಕ್ಷೆ ಸಂತ್ರಸ್ತೆಯ ಘನತೆಗೆ ಧಕ್ಕೆ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತ್ತು. ಆದ್ರೂ ನಿಲ್ಲಲಿಲ್ಲ ಅಂತ 2022ರಲ್ಲಿ ಮತ್ತೆ ಹೇಳ್ಬೇಕಾಯ್ತು, ಮೆಡಿಕಲ್ ಪಠ್ಯದಿಂದಲೂ ತೆಗೀರಿ ಅಂತ. ಆ ಕಂತನ್ನ ನಾನು ನಮ್ಮ ಜೂನಿಯರ್ಸ್‌ಗೆ ನೋಡೋಕೆ ಹೇಳ್ತೀನಿ. ಪತ್ತೇದಾರಿ ಕಥೆ ಅಂತ ಅಲ್ಲ, ರೋಗಿ ಜೊತೆ ಹೇಗೆ ಮಾತಾಡ್ಬೇಕು ಅಂತ.

ಬೈಟೂ_ಕಾಫಿ
ಹಾಗಾದ್ರೆ ಒಂದು, ಮೂರು ನೋಡಿ. ಎರಡು ಫಾರ್ವರ್ಡ್ ಮಾಡಿ.

ಗಾಂಧಿಬಜಾರ್_ಗಿರಾಕಿ
ಎರಡರಲ್ಲಿ ಶಾರ್ಲೆಟ್ ರ‍್ಯಾಂಪ್ಲಿಂಗ್ ಇದಾರೆ ಸ್ವಾಮಿ, ಪ್ರಾಸಿಕ್ಯೂಟರ್ ಆಗಿ. ಫಾರ್ವರ್ಡ್ ಮಾಡೋಕೆ ಕೈ ಹೇಗೆ ಬರತ್ತೆ?

ನಿದ್ದೆಗೆಟ್ಟ_ನಾಗರಬಾವಿ
ತಡೆಯೋಕಾಗಲಿಲ್ಲ, ಎರಡನೇದರ ಮೊದಲ ಕಂತು ನೋಡಿಯೇ ಬಿಟ್ಟೆ. ಕರಿಕೋಟು ಸರ್, ಹೂತ ಹೆಣಾನ ಮತ್ತೆ ಹೊರಗೆ ತೆಗೀತಾರಲ್ಲ, ಅದು ಕಾನೂನಲ್ಲಿ ಇದೆಯಾ?

ಕರಿಕೋಟು
ಆರೋಪಿ ಸಿಕ್ಕಿಬಿದ್ದಿರೋ ಕೊಲೆ ಕೇಸಲ್ಲಿ, ಡಿಫೆನ್ಸ್‌ನವರು ಎರಡನೇ ಮರಣೋತ್ತರ ಪರೀಕ್ಷೆ ಕೇಳೋ ಅವಕಾಶ ಮುಗಿದ ಮೇಲೇ ಅಲ್ಲಿ ಹೆಣ ಮನೆಯವರಿಗೆ ಕೊಡೋ ರೂಢಿ. ಅಂತ್ಯಕ್ರಿಯೆ ಆಗಿ, ತಿಂಗಳುಗಳಾದ ಮೇಲೆ, ತಾಯಿ ತಂದೆಗೆ ಒಂದು ಮಾತೂ ಹೇಳದೆ ಅಗೆಯೋದು ಅಂದ್ರೆ... ಬೇಡ, ಈಗ ಶುರು ಮಾಡಿದ್ರೆ ಬೆಳಗಾಗತ್ತೆ. ನಾಳೆ ಬೋರ್ಡಲ್ಲಿ ನಂದು ಮೂರು ಕೇಸಿದೆ. ಸಂಜೆ ಬಂದು ಪೂರ್ತಿ ಬರೀತೀನಿ, ಅಷ್ಟರೊಳಗೆ ನೀವು ಎರಡನೇ ಕಂತು ನೋಡಿಟ್ಕೊಳ್ಳಿ.